ಕಬ್ಬು ಹೋದ ದಾರಿಯಲ್ಲೇ ಕೂಲಿಯೂ ಹೋಗುತ್ತದೆ

(ಮಂಡ್ಯದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಳ್ಳಿಯಲ್ಲಿ ಕೆಲಸವೇ ಇಲ್ಲ ಎಂದು ಮಾತು ಶುರು ಮಾಡಿದವರೇ ಐದು ನಿಮಿಷ ಬಿಟ್ಟು ನಾಟಿಗೆ ಆಳು ಸಿಗುತ್ತಿಲ್ಲ, ಕಬ್ಬು ಕಡಿಯಲು ಯಾರೂ ಬರುತ್ತಿಲ್ಲ ಎನ್ನುತ್ತಾರೆ. ಎರಡು ಮಾತೂ ಸುಳ್ಳಲ್ಲ. ನಾಲೆಗೆ ನೀರು ಬಿಟ್ಟ ಮೇಲೆ ಎಲ್ಲರ ಗದ್ದೆಗೂ ಅದೇ ಎರಡು ವಾರದಲ್ಲಿ ಆಳು ಬೇಕು. ಅದು ಮುಗಿದರೆ ಕಳೆ ತೆಗೆಯುವ ತನಕ ಕೂತಿರಬೇಕು. ಹಾಗಾಗಿ ನಮ್ಮಲ್ಲಿ ಕೊರತೆ ಇರುವುದು ಕೆಲಸಕ್ಕಲ್ಲ, ತಿಂಗಳಿಗೆ ಇಪ್ಪತ್ತೋ ಇಪ್ಪತ್ತೆರಡೋ ದಿನ ಗ್ಯಾರಂಟಿಯಾಗಿ ಸಿಗುವ ಕೂಲಿಗೆ. ಈ ಹೊತ್ತು ಮಾತಾಡುವುದು ಅದರ ಬಗ್ಗೆ ಮಾತ್ರ.

ಒಂದು ಹಳೇ ಲೆಕ್ಕ ನೆನಪಿಸುತ್ತೇನೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿಯಿತು. ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಈ ಸೀಮೆಗೆ ನೀರು ತಂದಿತು. 1933ಕ್ಕೆ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಇದರ ಹಿಂದೆ ನಿಂತವರು ಆಗಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನೀರು ಕೊಟ್ಟೆವು, ಇನ್ನು ನಿಮ್ಮ ಪಾಡು ಎಂದು ಬಿಡಲಿಲ್ಲ. ಬೆಳೆದದ್ದನ್ನು ಕೊಳ್ಳುವವನನ್ನೂ ಬಯಲಿನ ನಡುವೆಯೇ ತಂದು ಕೂರಿಸಿದರು. ಈಗಿನ ಯೋಜನೆಗಳಲ್ಲಿ ತಪ್ಪಿಹೋಗಿರುವ ಎಳೆ ಇದೇ. ತರಬೇತಿ ಒಬ್ಬರು ಕೊಡುತ್ತಾರೆ, ಯಂತ್ರ ಇನ್ನೊಬ್ಬರು, ಕಟ್ಟಡ ಮತ್ತೊಬ್ಬರು. ಕೊಳ್ಳುವವನು ಯಾರ ಫೈಲಿನಲ್ಲೂ ಇರುವುದಿಲ್ಲ. ಒಂದೇ ಊರಿನಲ್ಲಿ ಮೂವತ್ತು ಹೆಣ್ಣುಮಕ್ಕಳಿಗೆ ಟೈಲರಿಂಗ್ ಕಲಿಸಿ ಸರ್ಟಿಫಿಕೇಟ್ ಕೊಟ್ಟರೆ ಆ ಊರಿನಲ್ಲಿ ಹೊಲಿಸಿಕೊಳ್ಳುವವರು ಎಷ್ಟು ಮಂದಿ?

ಈಗ ಒಂದು ಟನ್ ಕಬ್ಬು ಹಿಡಿದು ನೋಡೋಣ. ಟ್ರ್ಯಾಕ್ಟರಿಗೆ ತುಂಬಿ ಕಾರ್ಖಾನೆಗೆ ಕಳಿಸಿದರೆ ಊರಿಗೆ ಉಳಿಯುವುದು ಕಡಿದ ಕೂಲಿ, ತುಂಬಿದ ಕೂಲಿ, ಅಷ್ಟೆ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆ, ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ರೈತನಿಗೆ ಅದು ಮುಖ್ಯ, ಬೇಡ ಎನ್ನುವುದಿಲ್ಲ. ಆದರೆ ಜಮೀನಿಲ್ಲದವನಿಗೆ ಅದರಲ್ಲಿ ಏನೂ ಇಲ್ಲ.

ಅದೇ ಟನ್ನು ಆಲೆಮನೆಗೆ ಹೋದರೆ? ಮೂರು ರೋಲರಿನ ಗಾಣದಲ್ಲಿ 550ರಿಂದ 650 ಕೆಜಿ ಕಬ್ಬಿನ ಹಾಲು ಬರುತ್ತದೆ, ಅದರಿಂದ ನೂರು ಕೆಜಿ ಮೇಲೆ ಕೆಳಗೆ ಬೆಲ್ಲ. ಒಂದು ಕೊಪ್ಪರಿಗೆಗೆ ಒಂದು ಟನ್ನಿನ ಹಾಲು, ಇಳಿಯಲು ಎರಡೂವರೆ ಮೂರು ಗಂಟೆ ಎಂದು ಇಟ್ಟುಕೊಳ್ಳಿ. ಹಗಲಿಗೆ ನಾಲ್ಕು ಕೊಪ್ಪರಿಗೆ. ಗಾಣಕ್ಕೆ ಕಬ್ಬು ಕೊಡುವವರು, ಸಿಪ್ಪೆ ಒಣಗಿಸುವವರು, ಉರಿ ಹಾಕುವವನು, ಪಾಕ ನೋಡುವವನು, ಅಚ್ಚಿಗೆ ಹೊಯ್ಯುವವರು ಎಲ್ಲ ಸೇರಿ ಎಂಟು ಜನ. ಅಂದರೆ ಟನ್ನಿಗೆ ಎರಡು ಆಳಿನ ಕೆಲಸ ಊರಲ್ಲೇ ಉಳಿಯಿತು.

ಆದರೆ ಮಂಡ್ಯದ ಎಷ್ಟೋ ಆಲೆಮನೆಗಳಲ್ಲಿ ಕೆಲಸ ಮಾಡುತ್ತಿರುವವರು ಉತ್ತರ ಭಾರತದಿಂದ ಬಂದವರು. ಅವರು ನಮ್ಮ ಹುಡುಗರ ಕೆಲಸ ಕಿತ್ತುಕೊಂಡರು ಎಂಬ ಮಾತಿದೆ, ಅದರಲ್ಲಿ ಹುರುಳಿಲ್ಲ. ಹಬೆಯಲ್ಲಿ, ಹೊಗೆಯಲ್ಲಿ, ರಾತ್ರಿಯೆಲ್ಲ ಒಲೆ ಮುಂದೆ ನಿಂತು, ಅಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುವ ಕೆಲಸವನ್ನು ನಮ್ಮ ಪಿಯುಸಿ ಮುಗಿಸಿದ ಹುಡುಗ ಮಾಡುವುದಿಲ್ಲ. ಅವನದು ಸೋಮಾರಿತನ ಎನ್ನುವುದು ಸುಲಭ. ಆ ಕೆಲಸವನ್ನೇ ಸರಿಮಾಡುವುದು ಕಷ್ಟ, ನೀತಿ ಎನ್ನುವುದಕ್ಕೆ ಅರ್ಥ ಬರುವುದು ಅಲ್ಲಿ.

ಏನು ಸರಿಮಾಡಬೇಕು? ಮೊದಲು ಒಲೆ. ಗಾಣದಿಂದ ಹೊರಬಿದ್ದ ಸಿಪ್ಪೆಯಲ್ಲಿ ಅರ್ಧಕ್ಕರ್ಧ ನೀರಿರುತ್ತದೆ. ಮಳೆಗಾಲದಲ್ಲಿ ಅದು ಒಣಗುವುದಿಲ್ಲ. ಒಣಗದ ಸಿಪ್ಪೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಉರಿ ಸಾಲದೆ ಹೋದಾಗ ಹಳೇ ಟೈರು, ಪ್ಲಾಸ್ಟಿಕ್ಕು ಒಲೆಗೆ ಬೀಳುತ್ತದೆ. ಅದಕ್ಕೆ ಅಧಿಕಾರಿಗಳು ಬಂದು ಬೀಗ ಹಾಕುತ್ತಾರೆ, ಎಂಟು ಜನರ ಕೂಲಿ ಅಲ್ಲಿಗೆ ನಿಲ್ಲುತ್ತದೆ. ಒಲೆಗೆ ಎರಕದ ಕಬ್ಬಿಣದ ಜಾಲರಿ, ಗಾಳಿ ಅಳತೆಯಲ್ಲಿ ಒಳಗೆ ಹೋಗುವ ಬಾಯಿ, ಸಾಕಷ್ಟು ಎತ್ತರದ ಚಿಮಣಿ ಇದ್ದು, ಚಿಮಣಿಗೆ ಹೋಗುವ ಬಿಸಿಗಾಳಿ ಎರಡನೇ ಕೊಪ್ಪರಿಗೆಯ ತಳ ಕಾಯಿಸಿ ಹೋಗುವಂತೆ ಕಟ್ಟಿದ್ದರೆ, ತನ್ನ ಸಿಪ್ಪೆಯಲ್ಲೇ ತನ್ನ ಹಾಲು ಬೇಯುತ್ತದೆ. ಸಿಪ್ಪೆ ಮಿಕ್ಕುವುದೂ ಉಂಟು. ಬೀಗ ಹಾಕುವುದಕ್ಕೆ ಮುಂಚೆ ಈ ಒಲೆ ಕಟ್ಟಿಸಲು ದುಡ್ಡು ಕೊಡುವುದು ಉದ್ಯೋಗ ನೀತಿ. ಬೀಗ ಮಾತ್ರ ಹಾಕುವುದು ಪೊಲೀಸ್ ಕೆಲಸ.

ಎರಡನೆಯದು ಬಣ್ಣ. ಮಾರುಕಟ್ಟೆಯಲ್ಲಿ ಅಚ್ಚು, ಬಕೆಟ್, ಕುರಿಕಾಟು ಎಂದು ಬೇರೆಬೇರೆ ಬೆಲ್ಲ ಹರಾಜಾಗುತ್ತದೆ, ಬಿಳುಪಾಗಿ ಹಳದಿ ತಿರುಗಿದ್ದಕ್ಕೆ ರೇಟು ಜಾಸ್ತಿ. ಅದಕ್ಕೇ ಹೈಡ್ರೋಸ್ ಎಂಬ ಗಂಧಕದ ಬಿಳುಪು ಪುಡಿ ಬೀಳುತ್ತದೆ. ಆಹಾರ ಸುರಕ್ಷತಾ ನಿಯಮ ಕೆಜಿ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ. ಹರಾಜಿನ ಕಟ್ಟೆಯಲ್ಲಿ ಅದನ್ನು ಅಳೆಯುವವರು ಯಾರು? ಅಳತೆ ಇಲ್ಲದ ಕಡೆ ಕಣ್ಣೇ ತಕ್ಕಡಿ. ಬೆಂಡೆಗಿಡದ ಲೋಳೆ, ತಿಳಿ ಸುಣ್ಣದ ನೀರು ಮಾತ್ರ ಹಾಕಿ ಮಾಡಿದವನ ಬೆಲ್ಲ ಕಂದಾಗಿರುತ್ತದೆ, ಅವನಿಗೆ ಕಡಿಮೆ ರೇಟು. ಸಕ್ಕರೆ ಅಗ್ಗವಾದ ದಿನಗಳಲ್ಲಿ ಬೆಲ್ಲಕ್ಕೆ ಸಕ್ಕರೆ ಬೆರೆಸುವ ಕೆಟ್ಟ ಚಾಳಿಯೂ ಇದೇ ಕಾರಣಕ್ಕೆ ಬೆಳೆದದ್ದು. ಮಾರುಕಟ್ಟೆಯಲ್ಲಿ ಪರೀಕ್ಷೆಯ ಒಂದು ಸಣ್ಣ ಕೋಣೆ, ರಾಸಾಯನಿಕವಿಲ್ಲದ ಬೆಲ್ಲಕ್ಕೆ ಬೇರೆ ಹರಾಜು: ಇದಕ್ಕೆ ದೊಡ್ಡ ಅನುದಾನ ಬೇಡ, ಹಟ ಬೇಕು. ಮತ್ತೆ ಆ ಕೋಣೆಯಲ್ಲಿ ಕೆಲಸ ಸಿಗುವುದು ಬಿಎಸ್ಸಿ ಓದಿ ಬೆಂಗಳೂರಿನ ಬಸ್ಸು ಹತ್ತಿದ ನಮ್ಮ ಮಕ್ಕಳಿಗೆ.

ಮೂರನೆಯದು ಪುಡಿ ಬೆಲ್ಲ. ಹೊಸ ಕೂಲಿ ಹುಟ್ಟುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೊಸದಾಗಿ ಹಿಂಡಿದ ಕಬ್ಬಿನ ಹಾಲಿನ ಪಿಎಚ್ 5.2ರಿಂದ 5.4ರ ಆಸುಪಾಸು. ಅಂದರೆ ಸ್ವಲ್ಪ ಹುಳಿ. ಸುಣ್ಣದ ತಿಳಿನೀರು ಹಾಕಿ ಅದನ್ನು 6ಕ್ಕೋ 6.2ಕ್ಕೋ ತರಬೇಕು, ಜಾಸ್ತಿಯಾದರೆ ಬೆಲ್ಲ ಕಪ್ಪಾಗುತ್ತದೆ. ಕಾದಾಗ ಮೇಲೆ ಬರುವ ಮಡ್ಡಿಯನ್ನು ತೆಗೆಯುತ್ತಲೇ ಇರಬೇಕು. ಅಚ್ಚು ಬೆಲ್ಲಕ್ಕೆ 116ರಿಂದ 118 ಡಿಗ್ರಿಗೆ ಕೊಪ್ಪರಿಗೆ ಇಳಿಸಿದರೆ ಪುಡಿಗೆ 120ರಿಂದ 122ರ ತನಕ ಬಿಡಬೇಕು. ಈ ನಾಲ್ಕು ಡಿಗ್ರಿಯ ವ್ಯತ್ಯಾಸವನ್ನು ಹಳೇ ಕೈಗಳು ನೀರಿಗೆ ಪಾಕ ಬಿಟ್ಟು ಉಂಡೆ ಕಟ್ಟಿ ನೋಡಿ ಹೇಳುತ್ತವೆ. ಹೊಸಬರಿಗೆ ಒಂದು ಥರ್ಮಾಮೀಟರ್ ಸಾಕು. ತೊಟ್ಟಿಗೆ ಸುರಿದು, ತಣ್ಣಗಾಗುತ್ತ ಹರಳು ಕಟ್ಟಲು ಶುರುವಾದಾಗ ಮರದ ಸಲಕರಣೆಯಿಂದ ಉಜ್ಜುತ್ತ ಹೋದರೆ ಪುಡಿಯಾಗುತ್ತದೆ. ಆಮೇಲೆ ಒಣಗಿಸಿ, ತೇವ ಶೇ 2ರ ಒಳಗೆ ತಂದು, ಜರಡಿ ಹಿಡಿದು, ಗಾಳಿಯಾಡದಂತೆ ಪ್ಯಾಕ್ ಮಾಡಬೇಕು.

ಇದು ಕೆಡುವುದು ಎಲ್ಲಿ? ಹತ್ತರಲ್ಲಿ ಎಂಟು ಸಲ ಒಲೆಯಲ್ಲಲ್ಲ, ಗದ್ದೆಯಲ್ಲಿ. ಕಡಿದ ಕಬ್ಬು ಒಂದು ದಿನದ ಮೇಲೆ ಬಿಸಿಲಿಗೆ ಬಿದ್ದಿದ್ದರೆ ಅದರ ಸಕ್ಕರೆ ಒಡೆದು ಹರಳು ಕಟ್ಟದ ಸಕ್ಕರೆಯಾಗುತ್ತದೆ. ಆ ಹಾಲನ್ನು ಎಷ್ಟು ಕಾಯಿಸಿದರೂ ಅಂಟೇ ಹೊರತು ಪುಡಿ ಬರದು. ಮಲಗಿದ ಕಬ್ಬು, ಯೂರಿಯಾ ಸುರಿದು ಬೆಳೆಸಿದ ಕಬ್ಬು, ಸೌಳು ನೆಲದ ಕಬ್ಬು ಕೂಡ ಹಾಗೆಯೇ. ಬೆಳಿಗ್ಗೆ ಕಡಿದು ಅವತ್ತೇ ಅರೆಯುವ ಕರಾರು ರೈತನ ಜೊತೆ ಇಲ್ಲದಿದ್ದರೆ ಪುಡಿ ಬೆಲ್ಲದ ಯಂತ್ರ ತರಬೇಡಿ. ಬಂದ ಯಂತ್ರ ಮೂಲೆ ಸೇರುವುದಕ್ಕೆ ಕಾರಣ ಯಂತ್ರವಲ್ಲ, ಈ ಕರಾರು ಇಲ್ಲದ್ದು.

ನಾಲ್ಕು ಟನ್ನಿನಿಂದ 400 ಕೆಜಿ ಬೆಲ್ಲ. ಅಷ್ಟನ್ನೂ ಪುಡಿ ಮಾಡಿ ಅರ್ಧ ಕೆಜಿ ಪೌಚಿಗೆ ತುಂಬಿದರೆ 800 ಪೌಚು. ಒಬ್ಬರು ದಿನಕ್ಕೆ 200 ತೂಗಿ, ಸೀಲು ಹಾಕಿ, ಡಬ್ಬಕ್ಕೆ ಜೋಡಿಸಿದರೆ ನಾಲ್ಕು ಜನಕ್ಕೆ ಕೆಲಸ. ಒಲೆಯ ಶಾಖವಿಲ್ಲದ, ಹತ್ತರಿಂದ ಐದರ ಕೆಲಸ. ಎಂಟಿದ್ದದ್ದು ಹನ್ನೆರಡಾಯಿತು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ ಅಲ್ಲವೇ? ಈಗ ದುಡ್ಡಿನ ಲೆಕ್ಕ. ಕಬ್ಬಿಗೆ ಟನ್ನಿಗೆ 3,500ರಂತೆ ದಿನಕ್ಕೆ 14,000. ಹನ್ನೆರಡು ಜನರ ಕೂಲಿ, ಕರೆಂಟು, ಪೌಚು ಸೇರಿಸಿ ದಿನಕ್ಕೆ 22,000 ಎನ್ನಿ. ರೈತ ವಾರದೊಳಗೆ ದುಡ್ಡು ಕೇಳುತ್ತಾನೆ, ಆಳು ಶನಿವಾರ ಕೇಳುತ್ತಾರೆ. ಅಂಗಡಿಯವನು ಕೊಡುವುದು 45 ದಿನಕ್ಕೆ. ತಿಂಗಳಿಗೆ 25 ದಿನ ಒಲೆ ಹತ್ತಿಸಿದರೆ ಆ ಒಂದೂವರೆ ತಿಂಗಳಲ್ಲಿ ಎಂಟು ಲಕ್ಷ ಹೊರಗೆ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ಕಡೆ ಸರ್ಕಾರ ಏನು ಕೊಟ್ಟಿತು? 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಯೋಜನೆ, ನಮ್ಮ ಬಾಯಲ್ಲಿ ಪಿಎಂಎಫ್‌ಎಂಇ, ಮಂಡ್ಯಕ್ಕೆ ಬೆಲ್ಲವನ್ನೇ ಜಿಲ್ಲೆಯ ಉತ್ಪನ್ನವಾಗಿ ಗುರುತಿಸಿತು. ಅದರಲ್ಲಿ ಯಂತ್ರ, ಶೆಡ್ಡಿಗೆ ಶೇ 35 ಸಬ್ಸಿಡಿ, ಹತ್ತು ಲಕ್ಷದ ಮಿತಿ. ರಾಜ್ಯ ಇನ್ನೂ ಶೇ 15 ಸೇರಿಸಿತು. ಸ್ವಸಹಾಯ ಸಂಘದ ಸದಸ್ಯೆಗೆ ಮೂಲ ಬಂಡವಾಳ ಎಂದು 40,000. ಹತ್ತು ಜನರ ಸಂಘಕ್ಕೆ ನಾಲ್ಕು ಲಕ್ಷ. ಮೇಲಿನ ಲೆಕ್ಕಕ್ಕೆ ಅದು ಹದಿನೆಂಟು ದಿನಕ್ಕೆ ಮುಗಿಯಿತು. ಹತ್ತೊಂಬತ್ತನೇ ದಿನ ಒಲೆ ಹತ್ತುವುದಿಲ್ಲ.

ಹಳ್ಳಿಯ ಸಣ್ಣ ಘಟಕಗಳು ಬಾಗಿಲು ಹಾಕುವುದು ಯಂತ್ರ ಕೆಟ್ಟು ಅಲ್ಲ, ಹೀಗೆ. ಸ್ವಂತ ಉದ್ಯಮ ಶುರು ಮಾಡುವವರಿಗೆ ಕೇಂದ್ರದ ಸಾಲ-ಸಬ್ಸಿಡಿ ಯೋಜನೆಯಾದ ಪಿಎಂಇಜಿಪಿಯಲ್ಲೂ ಅಷ್ಟೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮುಂತಾದವರಿಗೆ ಶೇ 35 ಸಬ್ಸಿಡಿ ನಿಜ. ಆದರೆ ಆ ದುಡ್ಡು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ. ಕೈಗೆ ಬರುತ್ತದೆ ಎಂದು ನಂಬಿ ಕೈಸಾಲ ಮಾಡಿದವರು ಮೊದಲ ವರ್ಷವೇ ಮುಗ್ಗರಿಸುತ್ತಾರೆ.

ಹಾಗಾದರೆ ಏನು ಮಾಡಬೇಕು ಎಂದರೆ, ಬ್ಯಾಂಕಿಗೆ ಅರ್ಜಿ ಹಾಕುವಾಗ ಯಂತ್ರದ ಸಾಲದ ಜೊತೆಗೆ ಕ್ಯಾಶ್ ಕ್ರೆಡಿಟ್, ಅಂದರೆ ದಿನದ ಖರ್ಚಿಗೆ ಬೇಕಾದಾಗ ತೆಗೆದು ಕಟ್ಟುವ ಸಾಲದ ಮಿತಿಯನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು. ಆಮೇಲೆ ಕೇಳುತ್ತೇವೆ ಎಂದರೆ ಮ್ಯಾನೇಜರು ಬದಲಾಗಿರುತ್ತಾರೆ. ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಮೊದಲ ದಿನವೇ ಮಾಡಿಸಿ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಕೊಂಡವನು 45 ದಿನ ಮೀರಿ ದುಡ್ಡು ಉಳಿಸಿಕೊಳ್ಳಬಾರದು ಎನ್ನುತ್ತದೆ; ಲಿಖಿತ ಕರಾರೇ ಇಲ್ಲದಿದ್ದರೆ ಹದಿನೈದೇ ದಿನ. ದೊಡ್ಡ ವ್ಯಾಪಾರಿಗೆ ಆದಾಯ ತೆರಿಗೆಯ ಬಿಸಿಯೂ ಈಗ ಇದೆ, ಕಿರು ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ದುಡ್ಡನ್ನು ನಿಜವಾಗಿ ಕೊಟ್ಟ ವರ್ಷದ ಖರ್ಚಿನಲ್ಲಷ್ಟೇ ತೋರಿಸಬಹುದು. ಈ ವಿಷಯ ಬಿಲ್ಲಿನ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿ. ಅರ್ಧ ಜನ ಅದನ್ನು ನೋಡಿಯೇ ಕೊಡುತ್ತಾರೆ.

ಸರ್ಕಾರವೇ ಕೊಳ್ಳುವ ವಿಷಯಕ್ಕೂ ಬರುತ್ತೇನೆ. ಅಂಗನವಾಡಿ, ಹಾಸ್ಟೆಲ್ಲು, ಶಾಲೆಯ ಬಿಸಿಯೂಟ, ಇವಕ್ಕೆ ಬೆಲ್ಲವೋ ಕಡಲೆಕಾಯಿ ಚಿಕ್ಕಿಯೋ ಬೇಕಾದಾಗ ಟೆಂಡರು ಜಿಲ್ಲೆಗೊಂದೇ ಇರುತ್ತದೆ. ಮೂರು ವರ್ಷದ ವಹಿವಾಟು, ದೊಡ್ಡ ಇಎಂಡಿ (ಮುಂಗಡ ಠೇವಣಿ) ಕೇಳುತ್ತದೆ. ಹೊಸ ಸಂಘಕ್ಕೆ ಮೂರು ವರ್ಷದ ವಹಿವಾಟು ಎಲ್ಲಿಂದ ಬರಬೇಕು? ಟೆಂಡರನ್ನು ತಾಲ್ಲೂಕಿಗೊಂದು, ಸಾಧ್ಯವಾದರೆ ಹೋಬಳಿಗೊಂದು ತುಂಡಾಗಿ ಒಡೆದರೆ ಸಾಕು. ಗುಣಮಟ್ಟ ಸಡಿಲಿಸುವುದು ಬೇಡ, ಅದನ್ನು ಯಾರೂ ಕೇಳುತ್ತಿಲ್ಲ. ಪ್ರಮಾಣ ಸಣ್ಣದು ಮಾಡಿ, ಬಿಲ್ಲು ಹದಿನೈದು ದಿನಕ್ಕೆ ಪಾಸು ಮಾಡಿ, ಅಷ್ಟೆ.

ಈ ಮಾತು ಹೊಸದೇನಲ್ಲ. ನಿಮ್ಮೂರಿನ ಡೈರಿ ಅರ್ಧ ಶತಮಾನದ ಹತ್ತಿರ ಮಾಡುತ್ತ ಬಂದಿರುವುದು ಇದನ್ನೇ. ಒಂದು ಹಸು ಇರುವವಳೂ ಎರಡು ಲೀಟರು ತಂದರೆ ಬೆಳಿಗ್ಗೆ ಸಂಜೆ ಕೊಳ್ಳುತ್ತಾರೆ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಗಟ್ಟಿ ಅಂಶ) ಅಲ್ಲೇ ನೋಡುತ್ತಾರೆ, ಗೊತ್ತಾದ ದಿನಕ್ಕೆ ಬಟವಾಡೆ. ಹಸುವಿಗೆ ಸಬ್ಸಿಡಿ ಕೊಟ್ಟಿದ್ದರಿಂದ ಹಾಲು ಬೆಳೆಯಲಿಲ್ಲ. ದಿನವೂ ಕೊಳ್ಳುವವನಿದ್ದದ್ದರಿಂದ ಜನ ಸಾಲ ಮಾಡಿಯಾದರೂ ಹಸು ತಂದರು.

ರೇಷ್ಮೆಗೆ ಬರುತ್ತೇನೆ. ಮಳವಳ್ಳಿ, ಮದ್ದೂರು, ಕೆ.ಆರ್. ಪೇಟೆ ಕಡೆಯವರಿಗೆ ಹುಳು ಸಾಕುವುದನ್ನು ಹೇಳಿಕೊಡುವಷ್ಟು ದೊಡ್ಡವರು ನಾವಲ್ಲ. ಚಾಕಿ ಕೇಂದ್ರದ ಬಗ್ಗೆ ಮಾತ್ರ ಎರಡು ಮಾತು, ಏಕೆಂದರೆ ಇದು ಜಮೀನು ಇಲ್ಲದ ಹೆಂಗಸರಿಗೆ ವರ್ಷಪೂರ್ತಿ ಕೆಲಸ ಕೊಡಬಲ್ಲದ್ದು. ಒಂದು ಚಿಟ್ಟೆ ಇಟ್ಟ ಅಷ್ಟನ್ನೂ ಸೇರಿಸಿ ಒಂದು ಮೊಟ್ಟೆ ಎಂದು ಲೆಕ್ಕ; ಅಂಥ ನೂರು ಮೊಟ್ಟೆ ಎಂದರೆ ನಲವತ್ತರಿಂದ ಐವತ್ತು ಸಾವಿರ ಹುಳು. ಎರಡನೇ ಜ್ವರದ (ಹುಳು ಪೊರೆ ಬಿಡುವ ಹೊತ್ತಿನ) ತನಕ ಇವನ್ನು ಒಂದೇ ಕಡೆ ಸಾಕಿ ರೈತರಿಗೆ ಹಂಚುವುದೇ ಚಾಕಿ ಕೇಂದ್ರ. ಕೋಣೆ 27-28 ಡಿಗ್ರಿ, ತೇವಾಂಶ ಶೇ 80ರಿಂದ 90. ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ, ಹಾಸು ಒಣಗಿಸಿ, ಸುಣ್ಣದ ಪುಡಿ ಧೂಳಿಸಬೇಕು. ಸಾಗಿಸುವುದು ಎರಡನೇ ಜ್ವರದಲ್ಲಿದ್ದಾಗ, ತಂಪು ಹೊತ್ತಿನಲ್ಲಿ. ಚಾಕಿಯಲ್ಲಿ ಆದ ತಪ್ಪು ಅಲ್ಲಿ ಕಾಣುವುದಿಲ್ಲ. ಹದಿನೈದು ದಿನ ಬಿಟ್ಟು ರೈತನ ಮನೆಯಲ್ಲಿ ಹಾಲುತೊಂಡೆ, ಸಪ್ಪೆ ಎಂಬ ರೋಗಗಳಾಗಿ ಕಾಣುತ್ತದೆ. ಆಗ ಜಗಳ.

ಇಂಥ ಕೇಂದ್ರ ನಿಲ್ಲುವುದು ಎರಡು ಕಾರಣಕ್ಕೆ. ಒಂದು, ಚಾಕಿಗೆಂದೇ ಬೇರೆ ತೋಟ ಇಲ್ಲದ್ದು. ದೊಡ್ಡ ಹುಳುವಿಗೆ ಬೆಳೆದ ಸೊಪ್ಪಿನ ತುದಿ ಕಿತ್ತು ಚಾಕಿಗೆ ಹಾಕಿದರೆ ನಡೆಯುವುದಿಲ್ಲ. ಎಳೆಯದಾದ, ರಸ ತುಂಬಿದ, ಒಂದೇ ವಯಸ್ಸಿನ ಎಲೆ ದಿನವೂ ಬೇಕು, ಅದಕ್ಕೆ ನೀರು ತಪ್ಪಬಾರದು. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವ ಊರಿನಲ್ಲಿ ಬೋರೋ ತೆರೆದ ಬಾವಿಯೋ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಎರಡು, ಪಕ್ಕದ ಟೊಮೆಟೊ, ಭತ್ತಕ್ಕೆ ಹೊಡೆದ ಔಷಧಿ. ಗಾಳಿ ಬೀಸಿದ ಕಡೆ ತೋಟವಿದ್ದರೆ ಒಂದೇ ದಿನದಲ್ಲಿ ಇಡೀ ಬ್ಯಾಚು ಹೋಗುತ್ತದೆ. ಯಾವ ದಿನ ಯಾರು ಹೊಡೆಯುತ್ತಾರೆ ಎಂದು ಗ್ರಾಮಸಭೆಯಲ್ಲಿ ಒಪ್ಪಂದ ಮಾಡಿಕೊಳ್ಳುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಯಾವ ಯೋಜನೆಯ ಮಾರ್ಗಸೂಚಿಗೂ ಕಾಯಬೇಕಿಲ್ಲ.

ಕರೆಂಟಿನ ಬಗ್ಗೆ ಚುಟುಕಾಗಿ. ಪಂಪ್‌ಸೆಟ್ಟಿನ ಲೈನಿನಲ್ಲಿ ತ್ರೀಫೇಸ್ ಸಿಗುವುದು ದಿನಕ್ಕೆ ಕೆಲವೇ ಗಂಟೆ, ಅದೂ ಪಾಳಿಯಲ್ಲಿ. ಅಗ್ಗದ ಜಾಗ ಎಂದು ಗದ್ದೆ ನಡುವೆ ಶೆಡ್ ಹಾಕಿದವರು ಆಮೇಲೆ ಡೀಸೆಲ್ ಜನರೇಟರಿಗೆ ಲಾಭ ಸುರಿಯುತ್ತಾರೆ. ಪಂಪ್‌ಸೆಟ್ಟಿನಿಂದ ಬೇರೆ ಮಾಡಿ ಮನೆಗಳಿಗೆ ದಿನವಿಡೀ ಕರೆಂಟು ಕೊಡುವ ನಿರಂತರ ಜ್ಯೋತಿ ಫೀಡರ್ ಎಲ್ಲಿ ತನಕ ಬಂದಿದೆ ಎಂದು ವಿದ್ಯುತ್ ಕಂಪನಿ ಸೆಸ್ಕ್‌ನ ಸೆಕ್ಷನ್ ಆಫೀಸಿನಲ್ಲಿ ಕೇಳಿ, ಜಾಗ ಆಮೇಲೆ ನೋಡಿ.

ಬಸ್ಸೂ ಉದ್ಯೋಗ ನೀತಿಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಹೆಂಗಸರಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಆದರೆ ಗಾರ್ಮೆಂಟ್ಸ್ ಬಿಡುವುದು ಐದೂವರೆಗೆ, ಊರಿನ ಕೊನೇ ಬಸ್ಸು ಐದಕ್ಕೆ ಇದ್ದರೆ ಆ ಊರಿನ ಹುಡುಗಿಗೆ ಕೆಲಸ ಇಲ್ಲ ಎಂದೇ ಅರ್ಥ. ಪಂಚಾಯಿತಿ ನಿರ್ಣಯ ಮಾಡಿ ಡಿಪೋಗೆ ಕೊಡಬೇಕಾದದ್ದು ಹೊಸ ಬಸ್ಸಿನ ಬೇಡಿಕೆಯಲ್ಲ, ಇರುವ ಬಸ್ಸಿನ ಅರ್ಧ ಗಂಟೆಯ ಬದಲಾವಣೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಪಂಚಾಯಿತಿಯಲ್ಲಿ ನೋಡಿಕೊಳ್ಳುವ ಕೂಸಿನ ಮನೆಯ ಸಮಯವೂ ಹಾಗೆಯೇ. ತಾಯಿ ಬರುವುದಕ್ಕೆ ಮುಂಚೆ ಬಾಗಿಲು ಹಾಕಿದರೆ ಅದು ಇದ್ದೂ ಇಲ್ಲದ ಹಾಗೆ.

ಇನ್ನು ಪಂಚಾಯಿತಿ ಮಟ್ಟದಲ್ಲಿ ಮಾಡಬಹುದಾದ ಒಂದು ಕೆಲಸ. ವಾರ್ಷಿಕ ಕ್ರಿಯಾಯೋಜನೆ ಮಾಡುವಾಗ ಕಾಮಗಾರಿ, ಅಂದಾಜು ಮೊತ್ತ ಎಂಬ ಕಾಲಮ್ಮುಗಳ ಪಕ್ಕದಲ್ಲಿ ಇನ್ನೆರಡು ಎಳೆಯಿರಿ. ಒಂದು: ಇದರಿಂದ ಮುಂದಿನ ವರ್ಷ ಎಷ್ಟು ಜನಕ್ಕೆ ಎಷ್ಟು ದಿನದ ಕೂಲಿ. ಇನ್ನೊಂದು: ಅದು ಯಾವ ತಿಂಗಳಲ್ಲಿ. ಕಾಂಕ್ರೀಟ್ ರಸ್ತೆಯ ಮುಂದೆ ಮೊದಲ ಕಾಲಮ್ಮು ಕಾಮಗಾರಿ ಮುಗಿದ ದಿನಕ್ಕೆ ಸೊನ್ನೆಯಾಗುತ್ತದೆ. ಬೆಲ್ಲ ಒಣಗಿಸುವ ಶೆಡ್ಡಿನ ಮುಂದೆ ಆಗುವುದಿಲ್ಲ. ರಸ್ತೆ ಬೇಡ ಎಂದು ಯಾರೂ ಹೇಳುತ್ತಿಲ್ಲ, ರಸ್ತೆಯಲ್ಲೇ ಕಬ್ಬು ಬರಬೇಕು. ಎರಡನೇ ಕಾಲಮ್ಮು ಇನ್ನೂ ಮುಖ್ಯ. ಉದ್ಯೋಗ ಖಾತ್ರಿಯ ಕೆಲಸವನ್ನು ನಾಟಿಯ ವಾರದಲ್ಲಿ ತೆಗೆದರೆ ರೈತನಿಗೂ ಸಿಟ್ಟು, ಕೂಲಿಯವರಿಗೂ ಲಾಭವಿಲ್ಲ. ಬೇಸಿಗೆಯಲ್ಲಿ, ನಾಲೆ ನಿಂತಾಗ ತೆಗೆದರೆ ಅದೇ ದುಡ್ಡು ಎರಡರಷ್ಟು ಬೆಲೆ ಬಾಳುತ್ತದೆ.

ಮಾತು ಮುಗಿದ ಮೇಲೆ ಒಕ್ಕೂಟದ ಕಡೆಯಿಂದ ಬಂದ ಪ್ರಶ್ನೆ ಒಂದೇ: ಶೆಡ್ಡಿಗೆ ಜಾಗ ಮಂಜೂರಾಗಿದೆ, ಮೊದಲು ಕಟ್ಟಡ ಏಳಿಸೋಣವೇ?

ಬೇಡ ಅಕ್ಕ. ಸುತ್ತಮುತ್ತ ಉರಿ ನಿಂತ ಆಲೆಮನೆಗಳು ಬೇಕಾದಷ್ಟಿವೆ. ಮಳೆ ಹಿಂದೆ ಸರಿದ ಮೇಲೆ ಮೂರು ತಿಂಗಳ ಬಾಡಿಗೆಗೆ ಒಂದನ್ನು ಹಿಡಿಯಿರಿ. ದಿನಕ್ಕೆ ಎರಡೇ ಕೊಪ್ಪರಿಗೆ ಇಳಿಸಿ. ಒಂದರಲ್ಲಿ ಎಂದಿನ ಅಚ್ಚು ಬೆಲ್ಲ. ಅದು ಹರಾಜಿಗೆ ಹೋಗಲಿ, ಕೂಲಿಗೆ ಅವತ್ತಿನ ದುಡ್ಡಾಗುತ್ತದೆ. ಇನ್ನೊಂದರಲ್ಲಿ ಪುಡಿ. ಮೊದಲ ಹತ್ತು ಕೊಪ್ಪರಿಗೆಯಲ್ಲಿ ಮೂರು ನಾಲ್ಕು ಅಂಟಾಗುತ್ತವೆ, ಅದನ್ನು ಬಿಸಾಡಬೇಡಿ, ಮತ್ತೆ ಕಾಯಿಸಿ ಅಚ್ಚಿಗೆ ಹೊಯ್ಯಿರಿ. ಯಾವ ರೈತನ ಯಾವ ಗದ್ದೆಯ ಕಬ್ಬು, ಕಡಿದು ಎಷ್ಟು ಗಂಟೆಯಾಗಿತ್ತು, ಎಷ್ಟು ಡಿಗ್ರಿಗೆ ಇಳಿಸಿದಿರಿ ಎಂದು ಪ್ರತಿ ಕೊಪ್ಪರಿಗೆಗೂ ಒಂದು ಸಾಲು ಬರೆಯಿರಿ. ಒಲೆ ಹತ್ತದ ದಿನಗಳನ್ನು ಕೆಂಪು ಶಾಯಿಯಲ್ಲಿ, ಕಾರಣ ಸಮೇತ ಬರೆಯಿರಿ: ಕಬ್ಬು ಬರಲಿಲ್ಲವೋ, ಕರೆಂಟೋ, ದುಡ್ಡೋ. ಬ್ಯಾಂಕಿನವರ ಹತ್ತಿರ ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗಿ. ಕಟ್ಟಡದ ನಕ್ಷೆ ಮನೆಯಲ್ಲೇ ಇರಲಿ.